ಎಷ್ಟು ದಿನದಿಂದ ಕೆಮ್ಮು?

ನಮ್ಮ ಕಡೆ ಯಾರಿಗಾದ್ರೂ ಕೆಮ್ಮು ಶುರುವಾದ್ರೆ ಮೊದಲು ಓಡೋದು ಅಡಿಗೆಮನೆಗೆ. ಶುಂಠಿ ಜಜ್ಜು, ಮೆಣಸು ಕುಟ್ಟು, ದೊಡ್ಡಪತ್ರೆ ಬಾಡಿಸಿ ರಸ ಹಿಂಡು, ಹಾಲಿಗೆ ವಸಿ ಅರಿಶಿನ ಹಾಕು. ಇದರಲ್ಲಿ ತಪ್ಪೇನೂ ಇಲ್ಲ ಕಣ್ರವ್ವ. ನೆಗಡಿ ಜೊತೆ ಬಂದ ಕೆಮ್ಮು ಬಹುಪಾಲು ತಾನಾಗೇ ಇಳಿದುಹೋಗ್ತದೆ, ಕಷಾಯ ಗಂಟಲಿಗೆ ಹಿತವಾಗಿರ್ತದೆ. ಆದ್ರೆ ಇಳಿಯದೆ ಉಳಿದ ಕೆಮ್ಮು ಹಿಡಿದುಕೊಂಡು ಸಾತನೂರಲ್ಲೋ ಕನಕಪುರದಲ್ಲೋ ಡಾಕ್ಟ್ರ ಮುಂದೆ ಕೂತ್ರೆ, ಒಳ್ಳೆ ಡಾಕ್ಟ್ರು ಕೇಳೋ ಮೊದಲ ಮಾತು ಒಂದೇ: "ಎಷ್ಟು ದಿನ ಆಯ್ತಮ್ಮ?"

ನಾವು "ಮೊನ್ನೆಯಿಂದ ಸಾರ್" ಅಂತ ಬಾಯಿಗೆ ಬಂದಿದ್ದು ಹೇಳಿಬಿಡ್ತೀವಿ. ಆ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಅದರ ಹಿಂದೆ ಒಂದು ಚರಿತ್ರೆ ಇದೆ. ಅದರಲ್ಲಿ ಮುಖ್ಯವಾದ ಭಾಗ ನಡೆದಿದ್ದು ಮಾಗಡಿ ದಾಟಿದ್ರೆ ಸಿಗೋ ತುಮಕೂರು ಜಿಲ್ಲೆ ಹಳ್ಳಿಗಳಲ್ಲಿ. ನಾನು ಪಿಯುಸಿವರೆಗೆ ಓದಿದೋಳು, ಡಾಕ್ಟ್ರಲ್ಲ. ಓದಿ ತಿಳ್ಕೊಂಡಿದ್ದನ್ನ ನಿಮಗೂ ಹೇಳೋಣ ಅಂತ ಬರೀತಿದ್ದೀನಿ.

ಬಿಡದ ಕೆಮ್ಮಿಗೆ ಹಿಂದೆ ಜನ ಹೆದರುತ್ತಿದ್ದದ್ದು ಕ್ಷಯ ಅಂತ. ಅದು ಬಡವರ ಮನೆ ಮಾತ್ರ ನೋಡಿ ಬರಲಿಲ್ಲ. ಮೈಸೂರು ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನೂ ತಗೊಂಡು ಹೋಯ್ತು. ಅವರ ಹೆಸರಲ್ಲೇ 1921ರಲ್ಲಿ ಮೈಸೂರಲ್ಲಿ ಕ್ಷಯದ ಸ್ಯಾನಟೋರಿಯಂ ಆಯ್ತು. ಆಗ ಔಷಧಿ ಅನ್ನೋದೇ ಇರಲಿಲ್ಲ. ಒಳ್ಳೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಅಷ್ಟೇ ಚಿಕಿತ್ಸೆ.

ಕಾಯಿಲೆಗೆ ಕಾರಣ ಏನು ಅಂತ ಮಾತ್ರ ಅದಕ್ಕೂ ಮುಂಚೇನೇ ಗೊತ್ತಾಗಿತ್ತು. ಜರ್ಮನಿಯ ರಾಬರ್ಟ್ ಕಾಕ್ ಅನ್ನೋರು 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ರು. ರೇಷ್ಮೆ ಮನೆಯೋರಾದ ನಮಗೆ ಈ ವಿಷಯ ಬೇಗ ಅರ್ಥ ಆಗ್ತದೆ. ಹುಳಕ್ಕೆ ಗಂಟುರೋಗ ಬಂದ್ರೆ ಬೆಳೆಯೆಲ್ಲ ಹೋಯ್ತು ಅಂತ ಲೆಕ್ಕ. ಅದಕ್ಕೇ ಗ್ರೇನೇಜಿನಲ್ಲಿ ತಾಯಿ ಚಿಟ್ಟೆಯನ್ನ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇಲ್ಲ ಅಂದ್ಮೇಲೆ ಮೊಟ್ಟೆ ಕೊಡ್ತಾರೆ. ಈ ದಾರಿ ತೋರಿಸಿದ್ದು ಫ್ರಾನ್ಸಿನ ಲೂಯಿ ಪಾಶ್ಚರ್, 1865ರಿಂದಾಚೆಗೆ. ಕೆಮ್ಮುವವರ ಕಫ ಪರೀಕ್ಷೆ ಮಾಡೋದೂ ಅದೇ ಥರ. ಮೇಲ್ನೋಟಕ್ಕೆ ಗೊತ್ತಾಗದ್ದನ್ನ ಗಾಜಿನಡಿ ಇಟ್ಟು ನೋಡೋದು.

ರೋಗಾಣು ಕಂಡ ಮೇಲೆ ಔಷಧಿ ಬರೋಕೆ ಅರವತ್ತು ವರ್ಷ ಹಿಡೀತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ ಬಂತು, 1952ರಲ್ಲಿ ಐಸೋನಿಯಾಜಿಡ್ ಮಾತ್ರೆ. ಆದ್ರೂ ಹಳ್ಳಿಗಳಲ್ಲಿ ಜನ ಸಾಯೋದು ನಿಲ್ಲಲಿಲ್ಲ. ಯಾಕೆ?

ನಮ್ಮತ್ತೆಯವರು ಅವರ ಅಕ್ಕನ ವಿಚಾರ ಹೇಳ್ತಿದ್ರು. 1960ರ ಸುಮಾರು. ಎರಡು ಮಕ್ಕಳ ತಾಯಿ. ಸಂಜೆ ಹೊತ್ತು ಮೈ ಬೆಚ್ಚಗಾಗೋದು, ರಾತ್ರಿಯೆಲ್ಲ ಕೆಮ್ಮು, ಕುಪ್ಪಸ ದಿನದಿಂದ ದಿನಕ್ಕೆ ಸಡಿಲ. ಹತ್ತಿರದ ಆಸ್ಪತ್ರೆಗೆ ನಡೆದುಕೊಂಡೇ ಹೋಗೋರಂತೆ. ಬಾಟ್ಲಿ ನಾವೇ ತಗೊಂಡು ಹೋಗಬೇಕಿತ್ತು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಬಣ್ಣದ ಮಿಕ್ಸ್ಚರ್ ಸುರಿದು, ಬಾಟ್ಲಿ ಮೈಗೆ ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಡೋರು, ಒಂದು ಹೊತ್ತಿಗೆ ಒಂದು ಕಚ್ಚು. ಮುಗಿದ್ರೆ ಮತ್ತೆ ಅದೇ ಬಾಟ್ಲಿ, ಅದೇ ನೀರು. "ಒಂದು ವರ್ಷ ಆ ಬಾಟ್ಲಿ ಹೊತ್ತಳು ಕಣವ್ವ, ಒಂದು ದಿನಾನೂ ಕಫ ತೋರಿಸು ಅಂತ ಯಾರೂ ಕೇಳಲಿಲ್ಲ" ಅಂತಿದ್ರು ನಮ್ಮತ್ತೆ. ಆ ಅಕ್ಕ ಉಳೀಲಿಲ್ಲ. "ಕಾಲ ಬಂದಿತ್ತು, ಹೋದ್ಲು" ಅಂದ್ರಂತೆ ಊರೋರು.

ದೊಡ್ಡ ದೊಡ್ಡ ಡಾಕ್ಟ್ರುಗಳೂ ಆಗ ಬೇರೆ ಥರ ಏನೂ ಯೋಚನೆ ಮಾಡ್ತಿರಲಿಲ್ಲ. ಕ್ಷಯ ಅಂದ್ರೆ ಪಟ್ಟಣದ ಕಾಯಿಲೆ ಅಂದ್ಕೊಂಡಿದ್ರು. 1955ರಿಂದ 58ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆ ಆ ನಂಬಿಕೇನ ಸುಳ್ಳು ಮಾಡಿತು. ಪಟ್ಟಣದಲ್ಲಿ ಎಷ್ಟಿತ್ತೋ ಹಳ್ಳೀಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆಮೇಲೆ ಇನ್ನೊಂದು ಮಾತು ಹುಟ್ಟಿತು: ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಕೆಮ್ಮಿದ್ರೂ ಆಸ್ಪತ್ರೆಗೆ ಬರಲ್ಲ, ನಾವೇ ಮನೆಮನೆಗೆ ಹೋಗಿ ಹುಡುಕಬೇಕು ಅಂತ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೇಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಅನ್ನೋ ಡಾಕ್ಟ್ರು, ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್, ಇಬ್ಬರೂ ಸೇರಿ ತುಮಕೂರು ಜಿಲ್ಲೇಲಿ ಒಂದು ಕೆಲಸ ಮಾಡಿದ್ರು. ಎಕ್ಸ್‌ರೇ ಮತ್ತು ಕಫ ಪರೀಕ್ಷೇಲಿ ಕಾಯಿಲೆ ಇದೆ ಅಂತ ಗೊತ್ತಾದವರ ಮನೆಗೆ ಜನ ಕಳಿಸಿ, ಅವರನ್ನ ಕೂರಿಸಿ ಮಾತಾಡಿಸಿದ್ರು. ನಿಮಗೆ ಏನಾಗ್ತಿತ್ತು, ಎಷ್ಟು ದಿನದಿಂದ, ಯಾರ ಹತ್ತಿರ ಹೋಗಿದ್ರಿ ಅಂತ ಕೇಳಿದ್ರು.

1963ರಲ್ಲಿ ಅಚ್ಚಾದ ಉತ್ತರ ಓದಿದಾಗ ನನಗೆ ನಮ್ಮತ್ತೆ ಅಕ್ಕನೇ ಕಣ್ಮುಂದೆ ಬಂದ ಹಾಗಾಯ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ನೂರಕ್ಕೆ 95 ಜನಕ್ಕೆ ತಮ್ಮ ಮೈ ಸರಿ ಇಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕಿಂತ ಕೊಂಚ ಹೆಚ್ಚು ಜನ ಇಂಗ್ಲಿಷ್ ಔಷಧಿ ಕೊಡೋರ ಹತ್ತಿರ ಆಗಲೇ ಹೋಗಿಬಂದಿದ್ರು. ಹೋದವರಿಗೆ ಹೆಚ್ಚಾಗಿ ಸಿಕ್ಕಿದ್ದು ಕೆಮ್ಮಿನ ಬಾಟ್ಲಿ. ಅಂದ್ರೆ ಹಳ್ಳಿ ಹೆಂಗಸಿಗೆ ತಿಳಿವಳಿಕೆ ಇತ್ತು, ನಡೆದು ಹೋಗೋ ಕಾಲೂ ಇತ್ತು. ಇರದೇ ಇದ್ದದ್ದು ಆ ಬಾಗಿಲಲ್ಲಿ ಕೇಳಬೇಕಾದ ಒಂದು ಪ್ರಶ್ನೆ, ಮಾಡಬೇಕಾದ ಒಂದು ಪರೀಕ್ಷೆ.

ಅದೇ ಹೊತ್ತಲ್ಲಿ ಮದ್ರಾಸಿನಿಂದ ಇನ್ನೊಂದು ಸುದ್ದಿ ಬಂದಿತ್ತು. ಅಲ್ಲಿ 1956ರಿಂದ ಬಡ ರೋಗಿಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಇಕ್ಕಟ್ಟಿನ ಮನೇಲೇ ಒಂದು ವರ್ಷ ಅವೇ ಮಾತ್ರೆ ಕೊಟ್ಟು ನೋಡಿದ್ರು. 1959ರಲ್ಲಿ ಫಲಿತಾಂಶ ಬಂತು: ಮನೇಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾಗಿದ್ರು. ಅವರ ಜೊತೆ ಇದ್ದ ಮನೆಯವರಿಗೆ ಅದರಿಂದ ಹೆಚ್ಚು ಅಂಟಲೂ ಇಲ್ಲ. ಮಕ್ಕಳನ್ನ ಬಿಟ್ಟು ವರ್ಷಗಟ್ಟಲೆ ಆಸ್ಪತ್ರೇಲಿ ಮಲಗೋ ಅಗತ್ಯ ಇಲ್ಲ ಅಂತಾದ್ರೆ ಹೆಣ್ಣುಮಕ್ಕಳಿಗೆ ಅದೆಷ್ಟು ದೊಡ್ಡ ಮಾತು, ನೀವೇ ಯೋಚನೆ ಮಾಡಿ.

ತುಮಕೂರು, ಮದ್ರಾಸಿನ ಪಾಠಗಳು ಸೇರಿ ದೇಶದ ಪದ್ಧತಿಯೇ ಬದಲಾಯ್ತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ, ಕೆಮ್ಮು ಅಂತ ತಾವಾಗೇ ಬಂದವರ ಕಫವನ್ನ ಸಾಮಾನ್ಯ ಆಸ್ಪತ್ರೇಲೇ ನೋಡಿ, ಮನೆ ಹತ್ತಿರವೇ ಪುಕ್ಕಟೆ ಮಾತ್ರೆ ಕೊಡಬೇಕು ಅಂತಾಯ್ತು. ಎಷ್ಟು ದಿನ ಅನ್ನೋ ಪ್ರಶ್ನೆಗೆ ಬೆಲೆ ಬಂದಿದ್ದು ಹಾಗೆ. ಮೂರು ವಾರ ಕೆಮ್ಮಿದ್ರೆ ಪರೀಕ್ಷೆ ಅಂತ ಇದ್ದದ್ದು 2009ರಿಂದ ಎರಡು ವಾರಕ್ಕೆ ಇಳೀತು.

ಔಷಧಿ ಇಲ್ಲದೆ ಬಿಟ್ರೆ ಏನಾಗ್ತದೆ ಅನ್ನೋದಕ್ಕೂ ಲೆಕ್ಕ ಇದೆ. ಅದೇ ಸಂಸ್ಥೆ 1961ರಿಂದ 68ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನ ಮತ್ತೆ ಮತ್ತೆ ಹೋಗಿ ನೋಡಿತು. ಆಗ ನಮ್ಮ ಕನಕಪುರ ತಾಲ್ಲೂಕೂ ಬೆಂಗಳೂರು ಜಿಲ್ಲೆಗೇ ಸೇರಿತ್ತು. ಮೊದಲ ಸಲ ಕಫದಲ್ಲಿ ರೋಗಾಣು ಸಿಕ್ಕಿದವರಲ್ಲಿ ಐದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 49 ಜನ ತೀರಿಕೊಂಡಿದ್ರು. 18 ಜನ ಇನ್ನೂ ಕಾಯಿಲೆ ಹೊತ್ತುಕೊಂಡು ಬೇರೆಯವರಿಗೂ ಹಂಚುತ್ತಿದ್ರು. ಉಳಿದ 33 ಜನಕ್ಕೆ ತಾನಾಗೇ ವಾಸಿಯಾಗಿತ್ತು. "ಅವರಿಗೆ ಆ ಬೇರು ತಿಂದು ವಾಸಿಯಾಯ್ತು, ಇವರಿಗೆ ಆ ಹರಕೆಯಿಂದ ವಾಸಿಯಾಯ್ತು" ಅಂತ ನಾವು ಕೇಳೋ ಕತೆಗಳೆಲ್ಲ ಆ ಮೂವತ್ತಮೂರು ಜನರವು. ತೀರಿಕೊಂಡ 49 ಜನ ಬಂದು ಕತೆ ಹೇಳಲ್ಲ.

ಈಗಿನ ವಿಷಯಕ್ಕೆ ಬರೋಣ. ಎರಡು ವಾರ ದಾಟಿದ ಕೆಮ್ಮೆಲ್ಲ ಟಿಬಿ ಅಲ್ಲ, ಹೆದರಬೇಡಿ. ಗೂರಲು ಇರಬಹುದು, ಸೌದೆ ಒಲೆ ಹೊಗೆ ಇರಬಹುದು, ಎದೆಯುರಿ ಹುಳಿತೇಗು ಇರೋರಿಗೆ ಅದರಿಂದಲೂ ಕೆಮ್ಮು ಬರ್ತದೆ. ಬಿಪಿಗೆ ಕೊಡೋ ಕೆಲವು ಮಾತ್ರೆಯಿಂದಲೂ ಒಣಕೆಮ್ಮು ಬರ್ತದೆ. ಅದಕ್ಕೇ ಡಾಕ್ಟ್ರ ಹತ್ತಿರ ಹೋಗುವಾಗ ನುಂಗೋ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕ್ಕೊಂಡು ಹೋಗಿ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ರೂ ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರೋರಿಗೆ ಟಿಬಿ ಹಿಡಿಯೋ ಸಂಭವ ಹೆಚ್ಚು, ಅವರಂತೂ ಕಾಯಲೇಬಾರದು.

ಕಫ ಕೊಡೋದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ನಾಚಿಕೆ. ಡಬ್ಬಿಗೆ ಬರೀ ಎಂಜಲು ಉಗಿದು ಬಂದುಬಿಡ್ತಾರೆ, ಅದರಲ್ಲಿ ರೋಗಾಣು ಸಿಗಲ್ಲ. ಬೆಳಿಗ್ಗೆ ಎದ್ದು, ನೀರಲ್ಲಿ ಬಾಯಿ ಮುಕ್ಕಳಿಸಿ, ಯಾರೂ ಇಲ್ಲದ ಬಯಲಲ್ಲಿ ನಿಂತು, ಉಸಿರು ಎಳೆದು ಎಳೆದು ಎದೆಯಿಂದ ಕೆಮ್ಮಿ ತೆಗೀಬೇಕು.

ಟಿಬಿ ಅಂತಲೇ ಬಂದ್ರೆ, ಸಾಮಾನ್ಯ ಟಿಬಿಗೆ ಆರು ತಿಂಗಳು, ದಿನಾ ಮಾತ್ರೆ. ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ. ಊಟಕ್ಕೆ ಅಂತ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರ್ತದೆ. ಮೂತ್ರ ಕೆಂಪಗೆ ಕಿತ್ತಳೆ ಬಣ್ಣ ಆದ್ರೆ ಅದು ಮಾತ್ರೆ ಬಣ್ಣ, ಗಾಬರಿ ಬೇಡ. ಕಣ್ಣು ಹಳದಿ ಆದ್ರೆ, ವಾಂತಿ ನಿಲ್ಲದಿದ್ರೆ ಅವತ್ತೇ ಡಾಕ್ಟ್ರಿಗೆ ಹೇಳಿ. ತಿಂಗಳೆರಡು ತಿಂಗಳಿಗೆ ಮೈ ಹಗುರಾಗ್ತದೆ, ಅಲ್ಲಿಗೇ ನಿಲ್ಲಿಸೋರೇ ಜಾಸ್ತಿ. ನಿಲ್ಲಿಸಿದ್ರೆ ಮಾತ್ರೆಗೆ ಬಗ್ಗದ ಟಿಬಿ ಬರಬಹುದು. ಮನೆಯ ಉಳಿದವರನ್ನೂ, ಚಿಕ್ಕ ಮಕ್ಕಳನ್ನ ಮೊದಲು, ತೋರಿಸಬೇಕು.

ಇನ್ನು ತಟ್ಟೆ ಲೋಟ ಬೇರೆ ಇಡೋ ಪದ್ಧತಿ. ಇದು ಗಾಳೀಲಿ, ಕೆಮ್ಮಿದಾಗ ಹರಡೋ ಕಾಯಿಲೆ, ತಟ್ಟೆಯಿಂದಲ್ಲ. ಕಿಟಕಿ ತೆಗೀರಿ, ಕೆಮ್ಮುವಾಗ ಸೆರಗು ಅಡ್ಡ ಹಿಡಿಯೋಕೆ ಹೇಳಿ, ಊಟ ಜೊತೇಲೇ ಬಡಿಸಿ. ನಮ್ಮತ್ತೆ ಅಕ್ಕ ಕೊನೆ ದಿನಗಳಲ್ಲಿ ಕೊಟ್ಟಿಗೆ ಪಕ್ಕದ ಜಗಲೀಲಿ ಒಬ್ಬಳೇ ಉಣ್ಣುತ್ತಿದ್ದಳಂತೆ. ನಮ್ಮತ್ತೆ ಕಾಯಿಲೆ ಮಾತು ಹೇಳುವಾಗ ಅಳುತ್ತಿರಲಿಲ್ಲ, ಈ ಮಾತು ಬಂದಾಗ ಅಳುತ್ತಿದ್ರು. ಈಗಲೂ "ಮದುವೆ ವಯಸ್ಸಿನ ಹುಡುಗಿ, ಟಿಬಿ ಅಂತ ಗೊತ್ತಾದ್ರೆ ಗಂಡು ಸಿಗಲ್ಲ" ಅಂತ ಪರೀಕ್ಷೆಗೇ ಕಳಿಸದ ತಾಯಂದಿರು ನನಗೇ ಗೊತ್ತು. ಆರು ತಿಂಗಳಲ್ಲಿ ವಾಸಿಯಾಗೋ ಕಾಯಿಲೇನ ಮುಚ್ಚಿಟ್ಟರೆ ಹುಡುಗೀನೇ ಉಳಿಯೋದು ಕಷ್ಟ.

ಹುಳ ಎರಡನೇ ಜ್ವರಕ್ಕೆ ಯಾವತ್ತು ಕೂತಿತು, ನಾಲ್ಕನೇ ಜ್ವರದಿಂದ ಯಾವತ್ತು ಎದ್ದಿತು ಅಂತ ನಾವೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತೀವಿ. ಹಾಲಿನ ಲೆಕ್ಕ, ಚೀಟಿ ಕಂತು ಎಲ್ಲ ಅದರಲ್ಲೇ. ಮನೇಲಿ ಯಾರಿಗಾದ್ರೂ ಕೆಮ್ಮು ಶುರುವಾದ ದಿನಕ್ಕೂ ಒಂದು ಗುರುತು ಹಾಕಿ. ಹದಿನೈದನೇ ದಿನವೂ ಕೆಮ್ಮುತ್ತಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಾಕ್ಟ್ರು ಕೇಳಿದ್ರೆ ದಿನ ಎಣಿಸಿ ಹೇಳಿ. ಕೇಳದೆ ಬಾಟ್ಲಿ ಬರೆದುಕೊಟ್ರೆ ನೀವೇ ಬಾಯಿ ಬಿಟ್ಟು ಹೇಳಿ: "ಎರಡು ವಾರ ಆಯ್ತು ಸಾರ್, ಕಫ ಪರೀಕ್ಷೆಗೆ ಬರೆದುಕೊಡಿ."