‘ಬಿಡಾರ’ ಎಂದರೇನು? ಮರಾಠಿಯ ‘ಬಿರ್ಹಾಡ’ಕ್ಕೂ ಇದಕ್ಕೂ ಏನು ನಂಟು?

ಥಾಣೆ, ಕಲ್ಯಾಣ್ ಕಡೆಯ ಹಳೆಯ ಚಾಳುಗಳಲ್ಲಿ ಬಾಡಿಗೆಗೆ ಇದ್ದ ಕನ್ನಡಿಗರಿಗೆ ‘ಬಿರ್ಹಾಡ’ ಎಂಬ ಮರಾಠಿ ಪದ ಹೊಸದಲ್ಲ. ಬಾಡಿಗೆ ಮನೆಗೂ ಅದೇ ಮಾತು, ಅದರಲ್ಲಿರುವ ಸಂಸಾರಕ್ಕೂ ಅದೇ ಮಾತು. ಪದೇಪದೇ ಮನೆ ಬದಲಿಸುವವರನ್ನು ಕಂಡರೆ ‘ಚೇಳಿನ ಬಿರ್ಹಾಡ ಬೆನ್ನ ಮೇಲೆ’ ಎಂಬ ಗಾದೆಯೂ ಮರಾಠಿಯಲ್ಲಿದೆ.

ಈ ಪದದ ಮೂಲ ಕನ್ನಡದ ‘ಬಿಡಾರ’ ಎನ್ನಲಾಗುತ್ತದೆ. ಮರಾಠಿಯ ಹಳೆಯ ರೂಪ ‘ಬಿಢಾರ’ ನೋಡಿದರೆ ನಂಟು ಇನ್ನಷ್ಟು ಸ್ಪಷ್ಟ. ಭಾಲಚಂದ್ರ ನೇಮಾಡೆ ಅವರ 1975ರ ಕಾದಂಬರಿಯ ಹೆಸರೂ ‘ಬಿಢಾರ’ವೇ.

ಕನ್ನಡದಲ್ಲಿ ಬಿಡಾರ, ಬೀಡು, ಬಿಡದಿ ಮೂರಕ್ಕೂ ಬೇರು ‘ಬಿಡು’ ಧಾತು. ತಂಗುವ ಜಾಗಕ್ಕೆ ಬಿಡುವ ಕ್ರಿಯೆಯಿಂದ ಹೆಸರು ಬಂದಿರುವುದು ಕುತೂಹಲದ ಸಂಗತಿ. ಮದುವೆಯಲ್ಲಿ ಗಂಡಿನ ಕಡೆಯವರು ಇಳಿದುಕೊಳ್ಳುವುದು ಬಿಡದಿ. ಯಕ್ಷಗಾನ ಮೇಳಕ್ಕೆ ಬಿಡಾರವಿದೆ. ಶಿವಮೊಗ್ಗದ ಸಕ್ರೆಬೈಲಿನಲ್ಲಿ ಆನೆಗಳಿಗೂ ಇದೆ.

ಆದರೆ ‘ಬೀಡು’ ಒಂದೇ ಪದವಾಗಿ ಬಂದಾಗ ಅರ್ಥ ಗಟ್ಟಿಯಾಗುತ್ತದೆ. ತುಳುನಾಡಿನಲ್ಲಿ ಬೀಡು ಎಂದರೆ ತಲೆಮಾರುಗಳ ಅರಸು ಮನೆತನದ ಮನೆ. ಚಾಲುಕ್ಯರ ಶಾಸನಗಳು ಕಲ್ಯಾಣವನ್ನು ‘ನೆಲೆವೀಡು’ ಎನ್ನುತ್ತವೆ. (ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ, ಮುಂಬೈ ಲೋಕಲ್ ರೈಲಿನ ಕಲ್ಯಾಣ್ ಅಲ್ಲ.) ಅದಕ್ಕೆ ‘ಬಿಡು’ ಸೇರಿ ‘ಬೀಡುಬಿಡು’ ಆದರೆ ಮತ್ತೆ ತಾತ್ಕಾಲಿಕ. ಟಿಕೆಟ್‌ಗಾಗಿ ದಿಲ್ಲಿಯಲ್ಲಿ ಬೀಡುಬಿಟ್ಟ ಶಾಸಕರು ಹೇಗಿದ್ದರೂ ಊರಿಗೆ ಮರಳಲೇಬೇಕು.

‘ಗೂಡುಕಟ್ಟು’ವುದು ಇದಕ್ಕಿಂತ ಬೇರೆ. ನವಿ ಮುಂಬೈಯ ಐರೋಲಿ, ನೆರೂಳ್ ಭಾಗಕ್ಕೆ ಪ್ರತಿ ಚಳಿಗಾಲ ಸಾವಿರಾರು ಫ್ಲೆಮಿಂಗೊಗಳು ಬರುತ್ತವೆ. 2015ರಲ್ಲಿ ಥಾಣೆ ಖಾರಿಯ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಈ ಹಕ್ಕಿಗಳು ಇಲ್ಲಿ ಮೇಯುತ್ತವೆ, ಗೂಡುಕಟ್ಟುವುದಿಲ್ಲ. ಭಾರತದಲ್ಲಿ ಅವು ಮುಖ್ಯವಾಗಿ ಮೊಟ್ಟೆಯಿಡುವುದು ಗುಜರಾತಿನ ಕಛ್ ರಣದಲ್ಲಿ. ಅವುಗಳ ಬಗ್ಗೆ ‘ಬೀಡುಬಿಟ್ಟಿವೆ’ ಎಂದರೆ ಸರಿ, ‘ನೆಲೆಸಿವೆ’ ಎಂದರೆ ತಪ್ಪು.

ಮನುಷ್ಯರ ವಿಷಯದಲ್ಲಿ ಸುದ್ದಿಬರಹಗಳು ಇದನ್ನೇ ತಿರುವುಮುರುವು ಮಾಡುವುದುಂಟು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲೇ ಮಲಗಿ, ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದ ಕರಾವಳಿಯ ಹುಡುಗರಿಗೆ ‘ಬಿಡಾರ’ ಒಪ್ಪುವ ಮಾತಾಗಿತ್ತು. ಡೊಂಬಿವಲಿಯಲ್ಲಿ ಫ್ಲಾಟ್ ಕೊಂಡು, ಅಲ್ಲೇ ಮತದಾರರಾಗಿ, ಮೊಮ್ಮಕ್ಕಳನ್ನು ಕಂಡವರನ್ನು ‘ಮಹಾರಾಷ್ಟ್ರದಲ್ಲಿ ಬೀಡುಬಿಟ್ಟ ಕನ್ನಡಿಗರು’ ಎಂದು ಬರೆದರೆ, ನಾಳೆ ಗಂಟುಮೂಟೆ ಕಟ್ಟುವವರು ಎಂಬ ಧ್ವನಿ ಬರುತ್ತದೆ. ಅಲ್ಲಿ ಸಲ್ಲುವ ಪದ ‘ನೆಲೆಸಿದ’.