ಗಾಲಿಗೆ ಒರಗಿದ ಎಂಜಿನ್

ಸೈಕಲ್ಲಿನ ಡೈನಮೋ ನಿಮಗೆ ನೆನಪಿರಬೇಕು. ಗಾಲಿಯ ಪಕ್ಕದಲ್ಲಿ ಸಣ್ಣ ಶೀಶೆಯಂತೆ ಕೂತಿರುತ್ತಿತ್ತು. ಕತ್ತಲಾದ ಮೇಲೆ ಅದನ್ನು ಟಾಯರಿಗೆ ತಾಗಿಸಿದರೆ ಅದರ ತಲೆ ಗಿರಗಿರ ತಿರುಗಿ ಮುಂದೆ ದೀಪ ಹತ್ತುತ್ತಿತ್ತು. ತುಳಿಯುವವರ ಕಾಲು ಮಾತ್ರ ಭಾರವಾಗುತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಅತನೂರಿನಲ್ಲಿ ಡೈನಮೋ ಇದ್ದ ಹೊಸ ಸೈಕಲ್ಲು ಕಂಡರೆ ಇದು ಬೀಗರು ಕೊಟ್ಟದ್ದೇ ಎಂದು ಹೆಂಗಸರು ತೀರ್ಮಾನಿಸಿಬಿಡುತ್ತಿದ್ದರು.

ಈಗ ಆ ಡೈನಮೋವನ್ನೇ ತಿರುವುಮುರುವು ಮಾಡಿ ನೋಡಿ. ಗಾಲಿ ಉರುಳೆಯನ್ನು ತಿರುಗಿಸುವ ಬದಲು ಉರುಳೆ ಗಾಲಿಯನ್ನು ತಿರುಗಿಸಲಿ. ಉರುಳೆಗೆ ಒಂದು ಪುಟ್ಟ ಎಂಜಿನ್ ಕೂಡಿಸಿದರಾಯಿತು. ಚೈನು ಬೇಡ, ಗೇರು ಬೇಡ. ಟಾಯರಿನ ಮೇಲೆ ಉರುಳೆ ಉಜ್ಜುವ ಘರ್ಷಣೆಯಿಂದಲೇ ಸೈಕಲ್ಲು ಓಡುತ್ತದೆ. ಮನೆಯ ಅಂಗಳದಲ್ಲೇ ಮೋಟಾರು ಸೈಕಲ್ಲು ಮಾಡಹೊರಟವರೆಲ್ಲ ಮೊದಲು ಈ ಉಪಾಯಕ್ಕೇ ಕೈಹಾಕುವುದು ಅದಕ್ಕೇ.

ಹಾಗೆ ಕೈಹಾಕಿದವರಲ್ಲಿ ಜಪಾನಿನ ಸೋಯಿಚಿರೊ ಹೊಂಡಾ ಒಬ್ಬರು. ಅವರ ಸಾಹಸವನ್ನು ಬರೆದವರು ಬಹಳ. ನನಗೆ ಹೆಚ್ಚು ಹತ್ತಿರವಾದವಳು ಅವರ ಹೆಂಡತಿ ಸಾಚಿ. 1945ರಲ್ಲಿ ಯುದ್ಧ ಸೋತ ಮೇಲೆ ಜಪಾನಿನಲ್ಲಿ ಹೊಟ್ಟೆಗೇ ಬರ. ಹಮಾಮಾತ್ಸು ಪಟ್ಟಣದ ಈ ಗೃಹಿಣಿ ಉಣ್ಣುವ ಸಾಮಾನು ಹುಡುಕಿಕೊಂಡು ಸೈಕಲ್ ತುಳಿದು ದೂರದೂರ ಹೋಗಬೇಕಾಗಿತ್ತು. 1946ರಲ್ಲಿ ಹೊಂಡಾ ಅವರ ಕಣ್ಣಿಗೆ ಪರಿಚಯದವರ ಮನೆಯಲ್ಲಿ ಒಂದು ಎಂಜಿನ್ ಬಿತ್ತು. ಸೈನ್ಯದ ವೈರ್‌ಲೆಸ್ಸಿಗೆ ವಿದ್ಯುತ್ ಒದಗಿಸುತ್ತಿದ್ದ ಸಣ್ಣ ಎಂಜಿನ್ ಅದು. ಅದನ್ನು ತಂದು ಸೈಕಲ್ಲಿಗೆ ಕೂಡಿಸಿದರು. ಎಣ್ಣೆಯ ಟಾಂಕಿಗೆ ಏನು ಮಾಡಿದರು ಗೊತ್ತೆ? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಮನೆಯ ಡಬ್ಬಿಯನ್ನೇ ಎತ್ತಿಕೊಂಡರು! ಗಂಡಸರ ಸಂಶೋಧನೆಗೆ ಮನೆಯ ಪಾತ್ರೆಗಳು ಬಲಿಯಾಗುವುದು ಎಲ್ಲ ದೇಶದಲ್ಲೂ ಒಂದೇ.

ಮೊದಲ ಪ್ರಯತ್ನದಲ್ಲಿ ಉರುಳೆಯನ್ನು ಮುಂದಿನ ಗಾಲಿಗೆ ಒತ್ತಿದ್ದರು. ಟಾಯರು ತಾಳಲಿಲ್ಲ. ಹಾಗಾಗಿ ಅದನ್ನು ಬಿಟ್ಟು ಬೆಲ್ಟಿನಿಂದ ಹಿಂದಿನ ಗಾಲಿ ತಿರುಗಿಸುವ ದಾರಿ ಹಿಡಿದರು. ಓಡಿಸಿ ನೋಡು ಎಂದು ಸಾಚಿಯ ಕೈಗೂ ಕೊಟ್ಟರು. ನೀನು ಪಡುವ ಕಷ್ಟ ನೋಡಲಾಗಲಿಲ್ಲ, ಅದಕ್ಕೇ ಮಾಡಿದೆ ಎಂದು ಗಂಡ ಹೇಳಿದರೂ, ಹೆಂಗಸಿನ ಕೈಗೆ ಇದು ಬಗ್ಗುತ್ತದೆಯೇ ಎಂದು ಪರೀಕ್ಷಿಸುವುದೇ ಅವರ ಮುಖ್ಯ ಉದ್ದೇಶವಿತ್ತು ಎಂದು ಆಕೆ ಮುಂದೆ ನೆನೆಸಿಕೊಂಡದ್ದುಂಟು. ಇದ್ದುದರಲ್ಲಿ ಒಳ್ಳೆಯ ಮೊಂಪೆ, ಅಂದರೆ ಅಲ್ಲಿಯ ಹೆಂಗಸರ ಸಡಿಲ ಪೈಜಾಮ, ತೊಟ್ಟು ಪೇಟೆಯ ಜನರ ನಡುವೆ ಓಡಿಸಿಕೊಂಡು ಬಂದಳು. ಇಳಿದು ನೋಡಿದರೆ ಬಟ್ಟೆಯೆಲ್ಲ ಎಣ್ಣೆ. ಕಾರ್ಬೊರೇಟರ್ ಎಣ್ಣೆಯನ್ನು ಹಿಂದಕ್ಕೆ ಉಗುಳಿತ್ತು. ಇದು ನಡೆಯುವುದಿಲ್ಲ, ಕೊಂಡವರು ಬಂದು ಬೈಯುತ್ತಾರೆ ಎಂದು ಕಡ್ಡಿ ಮುರಿದಂತೆ ಹೇಳಿದಳು. ಎಂದೂ ಕೇಳದ ಗಂಡ ಅಂದು ಕೇಳಿದರು. ಮಾರಾಟಕ್ಕೆ ಬರುವಷ್ಟರಲ್ಲಿ ಕಾರ್ಬೊರೇಟರ್‌ಗೆ ಮುಚ್ಚಳ ಬಂತು. ಎರಡು ವರ್ಷದಲ್ಲಿ, 1948ರಲ್ಲಿ, ಹೊಂಡಾ ಕಂಪನಿ ಹುಟ್ಟಿತು.

ಹೊಂಡಾ ಕೈಬಿಟ್ಟ ಉರುಳೆಯನ್ನು ಫ್ರಾನ್ಸಿನವರು ಬಿಡಲಿಲ್ಲ. ಅದೇ 1946ರಲ್ಲಿ ಅಲ್ಲಿ ವೆಲೊಸೊಲೆಕ್ಸ್ ಮಾರಾಟಕ್ಕೆ ಬಂತು. ಎಂಜಿನ್ ಮುಂದಿನ ಗಾಲಿಯ ಮೇಲೆ. ಒಂದು ಹಿಡಿಕೆ ಎಳೆದರೆ ಅದು ಟಾಯರಿನಿಂದ ಮೇಲೇಳುತ್ತದೆ, ಆಗ ಅದು ಬರೀ ಸೈಕಲ್ಲು. ನಡುವೆ ಅಡ್ಡ ಪೈಪಿಲ್ಲದ್ದರಿಂದ ಲಂಗದ ಹೆಂಗಸರೂ ಸುಲಭವಾಗಿ ಏರಿದರು. 1988ರವರೆಗೆ ಫ್ರಾನ್ಸಿನಲ್ಲಿ ತಯಾರಾದ ಅದು 70 ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಉರುಳೆಯ ದೊಡ್ಡ ಶತ್ರು ನೀರು. ಟಾಯರು ತೊಯ್ದರೆ ಹಿಡಿತ ತಪ್ಪಿ ಜಾರುತ್ತದೆ. ಪ್ಯಾರಿಸಿನ ರಸ್ತೆಯಲ್ಲಿ ಹೇಗೋ ನಡೆದೀತು, ನಮ್ಮ ಭೀಮಾ ತೀರದ ಎರಿಭೂಮಿಯಲ್ಲಿ? ಇಲ್ಲಿ ಒಂದು ಮಳೆ ಬಿದ್ದರೆ ಕರಿಮಣ್ಣು ಮಡ್‌ಗಾರ್ಡಿನೊಳಗೆ ಕಟ್ಟಿಕೊಂಡು ಗಾಲಿಯೇ ತಿರುಗದೆ, ಸೈಕಲ್ಲನ್ನು ಮನುಷ್ಯ ಹೊತ್ತುಕೊಂಡು ಬರಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೊಗರಿಗೆ ಔಷಧ ಹೊಡೆಯುವ ಯಂತ್ರದ ಎಂಜಿನ್ ಬಿಚ್ಚಿ ಸೈಕಲ್ಲಿನ ಹಿಂದಿನ ಗಾಲಿಗೆ ಹೀಗೇ ಒರಗಿಸಿದ್ದ. ಬೇಸಿಗೆಯೆಲ್ಲ ಊರ ಹುಡುಗರಿಗೆ ಅದೇ ಜಾತ್ರೆ. ಟಾಯರು ವಾರಕ್ಕೊಮ್ಮೆ ಸವೆಯುತ್ತಿತ್ತು, ಅದು ಬೇರೆ. ಮೃಗಶಿರ ಮಳೆ ಬಂದ ದಿನ ಅವನ ತಾಯಿ ಹಿಂದೆ ಕೂತಿದ್ದಳು. ಎಂಜಿನ್ ಅರಚುತ್ತಿತ್ತು, ಸೈಕಲ್ಲು ನಿಂತಲ್ಲೇ ನಿಂತಿತ್ತು. “ನಡಕೋತ ಬಂದಿದ್ರ ಇಷ್ಟೊತ್ತಿಗೆ ರೊಟ್ಟಿ ಬಡದು ಮುಗೀತಿತ್ತು, ಯಪ್ಪಾ” ಎಂದಳಂತೆ. 25 ಸಿಸಿಗಿಂತ ದೊಡ್ಡ ಎಂಜಿನ್ ಇದ್ದರೆ 1988ರ ಕಾಯಿದೆಯ ಪ್ರಕಾರ ಅದು ಮೋಟಾರು ವಾಹನ, ಲೈಸೆನ್ಸು ನೋಂದಣಿ ಎಲ್ಲ ಬೇಕು ಎಂದು ನಾನೂ ಹೇಳಿದ್ದೆ. ತಾಯಿಯ ಮಾತೇ ಹೆಚ್ಚು ನಾಟಿತು; ಎಂಜಿನ್ ಮತ್ತೆ ಔಷಧ ಹೊಡೆಯಲು ಹೋಯಿತು.

ನಮ್ಮ ಕಡೆಯ ಹೆಂಗಸರಿಗೆ ಎಂಜಿನ್ ಒದಗಿದ್ದು ಲೂನಾದಿಂದ. 1972ರಲ್ಲಿ ಪುಣೆಯ ಕೈನೆಟಿಕ್‌ನವರು ಅದನ್ನು ತಂದರು, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ನಾನು ಗುಲ್ಬರ್ಗದಲ್ಲಿ ಬಿ.ಎಡ್. ಓದುವಾಗ ಲೂನಾದ ಮೇಲೆ ಬರುತ್ತಿದ್ದ ನರ್ಸ್ ಒಬ್ಬರನ್ನು ನೋಡಲು ನಾವು ಹಾಸ್ಟೆಲ್ಲಿನ ಕಿಟಕಿಗೆ ಹೋಗುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಗೆ ಪಿನ್ನು ಹಾಕಿ, ಯಾರನ್ನೂ ನೋಡದೆ ಹೋಗುತ್ತಿದ್ದರು.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ನನ್ನ ಶಾಲೆಯ ಗೋಡೆಗೂ ಸಾಲಾಗಿ ಸೈಕಲ್ಲು ಒರಗಿದವು. ಒಮ್ಮೆ ಸಾಚಿಯ ಕಥೆ ಹೇಳಿ ಮುಗಿಸಿ, ಏನಾದರೂ ಕೇಳುವುದಿದೆಯೇ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರ್‌ರೀ, ಆ ಎಣ್ಣಿ ಬಟ್ಟಿ ಯಾರು ಒಗದ್ರಿ?”