ಹೋಶಂಗಾಬಾದ್ ವಿಜ್ಞಾನ ಬೋಧನೆ: ಒಂದು ಪ್ರಯೋಗದ ಉಳಿವಿನ ಪ್ರಶ್ನೆ

ಸ್ವಾತಂತ್ರ್ಯೋತ್ತರ ಭಾರತದ ಶಿಕ್ಷಣ ಚರಿತ್ರೆಯನ್ನು ಬಹುಮಟ್ಟಿಗೆ ಆಯೋಗಗಳ ವರದಿಗಳನ್ನು ಆಧರಿಸಿ ಬರೆಯಲಾಗಿದೆ. ಶಾಲೆಯ ಅಂಗಳದಲ್ಲಿ ಬೆಳೆದು, ಒಂದು ಸರಕಾರಿ ಆದೇಶದಿಂದ ಕೊನೆಗೊಂಡ ಪ್ರಯೋಗಗಳಿಗೆ ಅಲ್ಲಿ ದೊರೆತಿರುವ ಸ್ಥಾನ ಅಲ್ಪ. ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮ ಅಂಥವುಗಳಲ್ಲಿ ಪ್ರಮುಖವಾದುದು. ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಏಕೆ ಸಫಲವಾಗಲಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು ರಾಜ್ಯ ಸರಕಾರದ ಅನುಮತಿ ಪಡೆದು, 1972ರಲ್ಲಿ 16 ಶಾಲೆಗಳ 6ರಿಂದ 8ನೆಯ ತರಗತಿಗಳಿಗಾಗಿ ಈ ಕಾರ್ಯಕ್ರಮವನ್ನು ಆರಂಭಿಸಿದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರೊಡನೆ ಕುಳಿತು ಪಾಠಗಳನ್ನು ರೂಪಿಸಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ವಿಸ್ತರಿಸಿತು. 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಅದನ್ನು ಇತರ ಜಿಲ್ಲೆಗಳಿಗೂ ಕೊಂಡೊಯ್ದಿತು.

ಇದರ ಪಠ್ಯಪುಸ್ತಕವಾದ ‘ಬಾಲ ವೈಜ್ಞಾನಿಕ’ದಲ್ಲಿ ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳು ನಾಲ್ವರ ಗುಂಪುಗಳಲ್ಲಿ ಅಗ್ಗದ ಸಾಮಗ್ರಿಗಳಿಂದ ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರಬೇಕಿತ್ತು. ಮನಸ್ಸಿಗೆ ತೋಚಿದ ಪ್ರಶ್ನೆಗಳನ್ನು ‘ಸವಾಲೀರಾಮ’ನೆಂಬ ಕಾಲ್ಪನಿಕ ವ್ಯಕ್ತಿಗೆ ಪತ್ರ ಬರೆದು ಕೇಳುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು. ಪ್ರಯೋಗ ಪರೀಕ್ಷೆಯೂ ಇತ್ತು. ಪಾಠ, ಶಿಕ್ಷಕರ ತರಬೇತಿ, ಪರೀಕ್ಷೆ ಮೂರನ್ನೂ ಒಟ್ಟಿಗೆ ಬದಲಿಸಿದ್ದು, ಅದೂ ಸಾಮಾನ್ಯ ಸರಕಾರಿ ಶಾಲೆಗಳಲ್ಲಿ ಬದಲಿಸಿದ್ದು, ಇದರ ವೈಶಿಷ್ಟ್ಯ.

2002ರಲ್ಲಿ ಸರಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಜಿಲ್ಲೆಯ 10ನೆಯ ತರಗತಿಯ ಫಲಿತಾಂಶ ತೃಪ್ತಿಕರವಾಗಿಲ್ಲವೆಂಬುದು ಮುಂದಿಟ್ಟ ಕಾರಣಗಳಲ್ಲೊಂದು. ಕಾರ್ಯಕ್ರಮ 8ನೆಯ ತರಗತಿಗೇ ಮುಗಿಯುತ್ತಿತ್ತು. ಅದು ಯಾವ ಕಂಠಪಾಠವನ್ನು ಕೈಬಿಟ್ಟಿತ್ತೋ ಅದನ್ನೇ ಬೇಡುವ ಪರೀಕ್ಷೆಯಿಂದ ಅದನ್ನು ಅಳೆಯಲಾಯಿತು. ಶಿಕ್ಷಕರು, ವಿಜ್ಞಾನಿಗಳು, ಶಿಕ್ಷಣ ತಜ್ಞರು ಮರುಪರಿಶೀಲನೆಗೆ ಮನವಿ ಮಾಡಿಕೊಂಡರು. ಆದೇಶ ಬದಲಾಗಲಿಲ್ಲ.

ಇದೇ ಕಾಲದ ಇಂಗ್ಲೆಂಡಿನ ಒಂದು ಪ್ರಕರಣದೊಡನೆ ಹೋಲಿಸಿದರೆ ಈ ಸೋಲಿನ ಕಾರಣ ಸ್ಪಷ್ಟವಾಗುತ್ತದೆ. ಎ. ಎಸ್. ನೀಲ್ 1921ರಲ್ಲಿ ಸ್ಥಾಪಿಸಿದ ಸಮ್ಮರ್‌ಹಿಲ್ ಶಾಲೆಯಲ್ಲಿ ತರಗತಿಗೆ ಹೋಗುವುದು ಮಕ್ಕಳ ಇಚ್ಛೆಗೆ ಬಿಟ್ಟದ್ದು. 1999ರ ತಪಾಸಣೆಯ ನಂತರ ಶಿಕ್ಷಣ ಇಲಾಖೆ ಇದನ್ನು ಆಕ್ಷೇಪಿಸಿದಾಗ ಶಾಲೆ ನ್ಯಾಯಮಂಡಳಿಯ ಮೊರೆಹೋಯಿತು. 2000ದ ಮಾರ್ಚಿನಲ್ಲಿ ರಾಜಿಯಾಯಿತು. ಅದರ ಷರತ್ತುಗಳನ್ನು ಮಕ್ಕಳೇ ನ್ಯಾಯಾಲಯದ ಸಭಾಂಗಣದಲ್ಲಿ ಸಭೆ ಸೇರಿ ಚರ್ಚಿಸಿ ಅಂಗೀಕರಿಸಿದರು. ಶಾಲೆಯ ಪದ್ಧತಿ ಉಳಿಯಿತು. ಸಮ್ಮರ್‌ಹಿಲ್ ಖಾಸಗಿ ಶಾಲೆ. ಮೇಲ್ಮನವಿಯ ಹಕ್ಕು ಅದಕ್ಕೆ ಕಾನೂನಿನಿಂದಲೇ ಬಂದಿತ್ತು. ಹೋಶಂಗಾಬಾದಿನ ಶಿಕ್ಷಕರು ಸರಕಾರಿ ನೌಕರರು. ಅನುಮತಿಯಿಂದ ಆರಂಭವಾದ ಕಾರ್ಯಕ್ರಮ ಅನುಮತಿ ಹಿಂತೆಗೆದೊಡನೆ ಮುಗಿಯಿತು. ಅವರಿಗಿದ್ದುದು ಮನವಿಯ ದಾರಿ ಮಾತ್ರ.

ಮೂರು ವರ್ಷಗಳ ನಂತರ ಬಂದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆ ಕಂಠಪಾಠದಿಂದ ದೂರ ಸರಿಯಬೇಕು, ಶಾಲೆಯ ಹೊರಗಿನ ಬದುಕಿಗೆ ಹೊಂದಿಕೊಳ್ಳಬೇಕು, ಪರೀಕ್ಷೆಗಳು ಸಡಿಲಗೊಳ್ಳಬೇಕು ಎಂದು ಸಾರಿತು. ಹೋಶಂಗಾಬಾದಿನ ಶಾಲೆಗಳು ಮೂವತ್ತು ವರ್ಷ ಆಚರಿಸಿದ್ದೂ ಇದನ್ನೇ. ಒಂದು ತತ್ತ್ವಕ್ಕೆ ರಾಷ್ಟ್ರಮಟ್ಟದ ಮನ್ನಣೆ ದೊರೆಯುವುದು ಬೇರೆ, ಅದನ್ನು ಆಚರಿಸುವ ಶಾಲೆಗೆ ರಕ್ಷಣೆ ದೊರೆಯುವುದು ಬೇರೆ ಎಂಬುದು ಈ ಚರಿತ್ರೆಯಿಂದ ವೇದ್ಯವಾಗುತ್ತದೆ.